ಸಮಾನತೆಯ ಕೆಲಸಕ್ಕೆ ಪಾಳಿಯಲ್ಲಿ ಜಾಗವೆಲ್ಲಿ?

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುವವರು ತಮಗಾದ ಅನ್ಯಾಯವನ್ನಾಗಲಿ, ಕಣ್ಣೆದುರು ನಡೆದ ತಪ್ಪನ್ನಾಗಲಿ ಅಂಜಿಕೆಯಿಲ್ಲದೆ ಹೇಳಿಕೊಳ್ಳಲು ನೆರವಾಗುತ್ತಿದ್ದ ನ್ಯಾಷನಲ್ ಗಾರ್ಡಿಯನ್ ಕಚೇರಿಯನ್ನು ಮುಚ್ಚಲಾಗುವುದೆಂಬ ಸುದ್ದಿ 2025ರ ಜುಲೈನಲ್ಲಿ ಹೊರಬಿತ್ತು. ರೋಗಿಗಳ ಸುರಕ್ಷತೆಯ ವ್ಯವಸ್ಥೆಯ ಬಗ್ಗೆ ಡಾ. ಪೆನ್ನಿ ಡ್ಯಾಶ್ ನಡೆಸಿದ ಪರಾಮರ್ಶೆಯ ವರದಿಯ ಶಿಫಾರಸು ಅದಾಗಿತ್ತು. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಮಾರ್ಚ್ 13ರಂದು, ಪ್ರಧಾನಿ ಕೀರ್ ಸ್ಟಾರ್ಮರ್ ಅವರು ಎನ್‌ಎಚ್‌ಎಸ್ ಇಂಗ್ಲೆಂಡ್ ಎಂಬ ಆಡಳಿತ ಸಂಸ್ಥೆಯನ್ನೇ ರದ್ದುಪಡಿಸಿ ಆರೋಗ್ಯ ಇಲಾಖೆಯಲ್ಲಿ ವಿಲೀನಗೊಳಿಸುವುದಾಗಿ ಪ್ರಕಟಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಸಮಾನತೆ ಮತ್ತು ಒಳಗೊಳ್ಳುವಿಕೆಗೆಂದೇ ಮೀಸಲಾದ ಸಂಬಳದ ಹುದ್ದೆಗಳಿಗೆ ಹೊಸ ನೇಮಕ ಬೇಡವೆಂದು 2023ರ ಅಕ್ಟೋಬರ್‌ನಲ್ಲಿ ಅಂದಿನ ಆರೋಗ್ಯ ಸಚಿವ ಸ್ಟೀವ್ ಬಾರ್ಕ್ಲೇ ಪ್ರಾದೇಶಿಕ ಆರೋಗ್ಯ ಮಂಡಳಿಗಳಿಗೆ ಪತ್ರ ಬರೆದಿದ್ದರು.

ಮೂರೂ ಬೇರೆಬೇರೆ ತೀರ್ಮಾನಗಳು, ಎರಡು ಸರ್ಕಾರಗಳ ಕಾಲದವು. ಒಟ್ಟಿಗೆ ಕೇಳಿದವರಿಗೆ ಮಾತ್ರ ಆಸ್ಪತ್ರೆಗಳಲ್ಲಿ ನ್ಯಾಯ ಕೇಳುವ ವ್ಯವಸ್ಥೆಯೇ ಎದ್ದುಹೋಯಿತೆಂದು ಅನ್ನಿಸುವುದು ಸಹಜ. ಹಾಗೇನೂ ಆಗಿಲ್ಲ. ಆಸ್ಪತ್ರೆಗಳನ್ನು ನಡೆಸುವ ಪ್ರತಿ ಟ್ರಸ್ಟ್‌ನಲ್ಲಿ ಸಿಬ್ಬಂದಿಯ ದೂರು ಕೇಳಲೆಂದೇ ಇರುವ ಗಾರ್ಡಿಯನ್‌ಗಳು ಮುಂದುವರಿಯಬೇಕೆಂದೇ ಡ್ಯಾಶ್ ವರದಿಯ ನಿಲುವು. ಆದರೆ ಮೇಲಿನ ಕಚೇರಿಗಳೂ ಸಂಬಳದ ಹುದ್ದೆಗಳೂ ಕರಗುತ್ತಿರುವಾಗ, ಆ ಕೆಲಸದ ಭಾರ ಸದ್ದಿಲ್ಲದೆ ವಾರ್ಡುಗಳಲ್ಲಿರುವ ಸ್ವಯಂಸೇವಕ ಸಿಬ್ಬಂದಿಯ ಹೆಗಲಿಗೆ ಇಳಿಯುತ್ತದೆ. ಈ ಸ್ವಯಂಸೇವಕರು ಯಾರು, ಅವರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಅರ್ಥವಾಗದೆ ಈ ಸುದ್ದಿಯ ತೂಕ ತಿಳಿಯುವುದಿಲ್ಲ.

ನಮಗೆ ಇದು ದೂರದ ವಿಷಯವೂ ಅಲ್ಲ. 2023ರ ಜೂನ್ ವೇಳೆಗೆ ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ 60,000ಕ್ಕೂ ಹೆಚ್ಚು ಭಾರತೀಯ ಪ್ರಜೆಗಳು ಕೆಲಸ ಮಾಡುತ್ತಿದ್ದರು. ಬ್ರಿಟಿಷರ ನಂತರ ಅಲ್ಲಿ ಅತಿ ಹೆಚ್ಚಿನ ಸಂಖ್ಯೆ ಭಾರತೀಯರದೇ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರು, ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಂದ ಹೋದವರು ಅವರಲ್ಲಿದ್ದಾರೆ.

ಬೇರು ಎಲ್ಲಿದೆ

ಎರಡು ತೊರೆಗಳು ಕೂಡಿ ಈ ವ್ಯವಸ್ಥೆ ರೂಪುಗೊಂಡಿತು. ಮೊದಲನೆಯದು ರೋಗಿಗಳ ಸುರಕ್ಷತೆಯದು. ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ನಡೆದ ಘೋರ ನಿರ್ಲಕ್ಷ್ಯದ ಬಗ್ಗೆ ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ ವರದಿ ಕೊಟ್ಟರು. ತಪ್ಪು ನಡೆಯುತ್ತಿದೆಯೆಂದು ಒಳಗಿನ ಸಿಬ್ಬಂದಿಗೆ ಗೊತ್ತಿತ್ತು, ಹೇಳಿದವರ ಮಾತಿಗೆ ಬೆಲೆ ಸಿಗಲಿಲ್ಲ, ಉಳಿದವರು ಹೇಳಲು ಹೆದರಿದರು ಎಂಬುದು ಅದರಿಂದ ಬಯಲಾಯಿತು. 2015ರ ಫೆಬ್ರುವರಿಯಲ್ಲಿ ಅವರೇ ಕೊಟ್ಟ ಇನ್ನೊಂದು ವರದಿಯ ಫಲವಾಗಿ ಪ್ರತಿ ಟ್ರಸ್ಟ್‌ಗೂ ಒಬ್ಬ 'ಫ್ರೀಡಂ ಟು ಸ್ಪೀಕ್ ಅಪ್' ಗಾರ್ಡಿಯನ್, ಅವರೆಲ್ಲರಿಗೂ ತರಬೇತಿ ಮತ್ತು ಮಾರ್ಗದರ್ಶನ ನೀಡಲು 2016ರಲ್ಲಿ ಒಂದು ರಾಷ್ಟ್ರೀಯ ಕಚೇರಿ ಬಂದವು.

ಎರಡನೆಯ ತೊರೆ ಜನಾಂಗ ಭೇದಕ್ಕೆ ಸಂಬಂಧಿಸಿದ್ದು. ಲಂಡನ್ನಿನ ಎನ್‌ಎಚ್‌ಎಸ್ ಸಿಬ್ಬಂದಿಯಲ್ಲಿ ಶೇ. 41ರಷ್ಟು ಬಿಳಿಯರಲ್ಲದವರಿದ್ದರೂ ಟ್ರಸ್ಟ್‌ಗಳ ಆಡಳಿತ ಮಂಡಳಿಗಳಲ್ಲಿ ಅವರ ಪಾಲು ಶೇ. 8 ಮಾತ್ರ ಎಂದು ಸಂಶೋಧಕ ರೋಜರ್ ಕ್ಲೈನ್ 2014ರ ಅಧ್ಯಯನದಲ್ಲಿ ತೋರಿಸಿದರು. ಮರುವರ್ಷವೇ ಪ್ರತಿ ಟ್ರಸ್ಟ್ ಒಂಬತ್ತು ಸೂಚಕಗಳ ಮೇಲೆ ತನ್ನ ಲೆಕ್ಕವನ್ನು ಬಹಿರಂಗಪಡಿಸಲೇಬೇಕೆಂಬ ಮಾನದಂಡ ಜಾರಿಗೆ ಬಂತು. ಯಾರಿಗೆ ಬಡ್ತಿ ಸಿಕ್ಕಿತು, ಯಾರ ಮೇಲೆ ಶಿಸ್ತುಕ್ರಮ ನಡೆಯಿತು, ಯಾರು ಕಿರುಕುಳ ಅನುಭವಿಸಿದರು ಎಂಬುದೆಲ್ಲ ಅಂಕಿಗಳಲ್ಲಿ ಕಾಣತೊಡಗಿತು. ಅಂಕಿ ಕಂಡ ಮೇಲೆ ಏನಾದರೂ ಮಾಡಲೇಬೇಕಾಯಿತು. ಆಡಳಿತಗಳು ಆಗ ಮುಂದಿಟ್ಟ ಪರಿಹಾರಗಳಲ್ಲಿ ಬಹುಪಾಲು, ಸಿಬ್ಬಂದಿಯೇ ತಮ್ಮ ಮೂಲ ಕೆಲಸದ ಜೊತೆಗೆ ಹೊರಬೇಕಾದ ಹೊಣೆಗಳಾಗಿದ್ದವು.

ಯಾರು ಏನು ಮಾಡುತ್ತಾರೆ

ಹೆಸರುಗಳು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಬಗೆ. ಗೊಂದಲಕ್ಕೆ ಅರ್ಧ ಕಾರಣ ಇದೇ. ಗಾರ್ಡಿಯನ್ ಎಂಬುದು ನೇಮಕವಾದ ಹುದ್ದೆ. ಸಿಬ್ಬಂದಿ ತಂದ ವಿಷಯವನ್ನು ಅವರು ಗುಟ್ಟಾಗಿ ಕೇಳಿ, ದಾಖಲಿಸಿ, ಅಗತ್ಯಬಿದ್ದರೆ ನೇರವಾಗಿ ಮುಖ್ಯ ಕಾರ್ಯನಿರ್ವಾಹಕರವರೆಗೆ ಒಯ್ಯಬಹುದು. ಅವರ ಕೆಳಗೆ ವಾರ್ಡು, ಪ್ರಯೋಗಾಲಯ, ಸ್ವಚ್ಛತಾ ವಿಭಾಗಗಳಲ್ಲಿ 'ಚಾಂಪಿಯನ್'ಗಳಿರುತ್ತಾರೆ. ಇವರು ಸ್ವಯಂಸೇವಕರು. ರಾಷ್ಟ್ರೀಯ ಕಚೇರಿಯ ಮಾರ್ಗದರ್ಶನದ ಪ್ರಕಾರ ಚಾಂಪಿಯನ್ ದೂರನ್ನು ತಾನೇ ನಿರ್ವಹಿಸುವಂತಿಲ್ಲ. ತಿಳಿವಳಿಕೆ ಮೂಡಿಸುವುದು, ಯಾರ ಬಳಿ ಹೋಗಬೇಕೆಂದು ದಾರಿ ತೋರಿಸುವುದು ಅಷ್ಟೇ ಅವರ ಕೆಲಸ.

ನರ್ಸ್‌ಗಳ ಸಂಘವಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತರಬೇತಿ ಕೊಟ್ಟು ಸಿದ್ಧಪಡಿಸುವ 'ಕಲ್ಚರಲ್ ಅಂಬಾಸಡರ್'ಗಳ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ಶಿಸ್ತು ವಿಚಾರಣೆ ನಡೆಯುವಾಗ ಇವರು ತಟಸ್ಥರಾಗಿ ಕೂರುತ್ತಾರೆ. ಆರೋಪಿತರ ಪರ ವಾದಿಸುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಮಾತಿನ ಧಾಟಿಯನ್ನು ಒರಟುತನವೆಂದೋ, ಕಣ್ಣಿಗೆ ಕಣ್ಣಿಟ್ಟು ನೋಡದಿರುವುದನ್ನು ತಪ್ಪಿನ ಅಳುಕೆಂದೋ ವಿಚಾರಣಾಧಿಕಾರಿ ಓದಿಕೊಂಡರೆ, ಅಲ್ಲಿ ಸಂಸ್ಕೃತಿಯ ವ್ಯತ್ಯಾಸ ಇದ್ದಿರಬಹುದೆಂದು ಎತ್ತಿ ಹೇಳುವುದು ಅವರ ಹೊಣೆ. ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ ಎಂದು ಬೆಳೆದ ನಮ್ಮ ಕಡೆಯ ನರ್ಸ್ ಒಬ್ಬರಿಗೆ ಇಂಥ ಒಂದು ಮಾತು ಎಷ್ಟು ದೊಡ್ಡ ಆಸರೆಯೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಜನಾಂಗ, ಅಂಗವೈಕಲ್ಯ, ಲೈಂಗಿಕ ಒಲವು ಮುಂತಾದವುಗಳಿಗೆ ಸಂಬಂಧಿಸಿದ ಸ್ಟಾಫ್ ನೆಟ್‌ವರ್ಕ್‌ಗಳೂ, ಸಂದರ್ಶನ ಮಂಡಳಿಗಳಲ್ಲಿ ಕೂರುವ ಒಳಗೊಳ್ಳುವಿಕೆ ಪ್ರತಿನಿಧಿಗಳೂ ಇದ್ದಾರೆ.

ಸಂದರ್ಶನದ ಕೋಣೆಯಲ್ಲಿ

ಈ ಒಳಗೊಳ್ಳುವಿಕೆ ಪ್ರತಿನಿಧಿಗಳ ಕೆಲಸವನ್ನು ಹತ್ತಿರದಿಂದ ನೋಡಿದರೆ ಇಡೀ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಕಾಣುತ್ತವೆ. ವಿದೇಶದಿಂದ ಬಂದ ನರ್ಸ್, ತಮ್ಮ ಊರಿನಲ್ಲಿ ಹತ್ತು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದವರಾದರೂ, ನೋಂದಣಿಯ ಬಳಿಕ ಸಾಮಾನ್ಯವಾಗಿ ಸೇರುವುದು ಬ್ಯಾಂಡ್ 5ಕ್ಕೆ, ಅಂದರೆ ನೋಂದಾಯಿತ ನರ್ಸ್‌ಗಳ ಮೊದಲ ವೇತನ ಶ್ರೇಣಿಗೆ. ಅಲ್ಲಿಂದ ಬ್ಯಾಂಡ್ 6ಕ್ಕೆ ಏರಲು ಅರ್ಜಿ ಹಾಕಿ ಸಂದರ್ಶನ ಎದುರಿಸಬೇಕು. ಅರ್ಜಿಗಳಿಂದ ಅಂತಿಮ ಪಟ್ಟಿ ಆಯ್ಕೆಯಾಗುವವರೆಗೆ ಹೆಸರು ಮರೆಯಲ್ಲಿರಬಹುದು. ಕೋಣೆಯೊಳಗೆ ಕೂತ ಮೇಲೆ ಹಾಗಿರದು.

ಮಂಡಳಿಯಲ್ಲಿ ಸಾಮಾನ್ಯವಾಗಿ ವಾರ್ಡ್ ಮ್ಯಾನೇಜರ್, ಅವರ ಮೇಲಿನ ಅಧಿಕಾರಿ, ಇನ್ನೊಬ್ಬರು ಇರುತ್ತಾರೆ. ಸ್ವಯಂಸೇವಕ ಪ್ರತಿನಿಧಿ ಬೇರೆ ವಿಭಾಗದಿಂದ ಬಂದವರು, ಅನೇಕ ಸಲ ಹುದ್ದೆಯಲ್ಲಿ ಉಳಿದವರಿಗಿಂತ ಕೆಳಗಿನವರು. ಪ್ರತಿಯೊಬ್ಬರೂ ಚರ್ಚೆಗೆ ಮೊದಲೇ ತಮ್ಮ ಅಂಕ ಬರೆದಿಡಬೇಕೆಂದು ಅವರು ಕೇಳಬಹುದು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಬಂತೇ ಎಂದು ನೋಡಬಹುದು. "ಇವರು ನಮ್ಮ ತಂಡಕ್ಕೆ ಹೊಂದುವುದಿಲ್ಲ" ಎಂಬ ಮಾತು ಬಂದಾಗ, ಹೊಂದುವುದಿಲ್ಲವೆಂದರೆ ಯಾವ ಅಂಶದಲ್ಲಿ, ಅಂಕಪಟ್ಟಿಯಲ್ಲಿ ಅದು ಎಲ್ಲಿದೆ ಎಂದು ಪ್ರಶ್ನಿಸಬಹುದು. ಈ ಒಂದು ಪ್ರಶ್ನೆಯಿಂದ ಫಲಿತಾಂಶ ಬದಲಾಗುವುದುಂಟು. ಆದರೆ ಆ ವಾರ್ಡ್ ಮ್ಯಾನೇಜರ್ ನಾಳೆ ಇದೇ ಪ್ರತಿನಿಧಿಯ ಬಡ್ತಿಯ ಸಂದರ್ಶನದಲ್ಲೂ ಕೂರಬಹುದು. ಎಷ್ಟೇ ಧೈರ್ಯಸ್ಥರಾದರೂ ಪ್ರಶ್ನೆ ನಾಲಿಗೆಯ ತುದಿಯಲ್ಲೇ ನಿಲ್ಲುವ ಸಂದರ್ಭವಿದು.

ಆದ್ದರಿಂದಲೇ ಕೆಲವು ಟ್ರಸ್ಟ್‌ಗಳು ಇನ್ನೊಂದು ನಿಯಮ ಸೇರಿಸಿವೆ. ಅಂತಿಮ ಪಟ್ಟಿಯಲ್ಲಿದ್ದ ಬಿಳಿಯೇತರ ಅಭ್ಯರ್ಥಿಯನ್ನು ಆರಿಸದಿದ್ದರೆ ಮಂಡಳಿಯ ಮುಖ್ಯಸ್ಥರು ಕಾರಣವನ್ನು ಲಿಖಿತವಾಗಿ ಮೇಲಧಿಕಾರಿಗೆ ಒಪ್ಪಿಸಬೇಕು. ಇದರಿಂದ ವಿವರಣೆಯ ಹೊರೆ ಪ್ರಶ್ನೆ ಕೇಳಿದವರ ಮೇಲಿಂದ ತೀರ್ಮಾನ ಕೈಗೊಂಡವರ ಮೇಲಕ್ಕೆ ಹೋಗುತ್ತದೆ.

ಎರಡು ಅಂಕಿಗಳ ನಡುವಿನ ದೂರ

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಜನಾಂಗ ಸಮಾನತೆಯ ಮಾನದಂಡದ ವಾರ್ಷಿಕ ಲೆಕ್ಕದಲ್ಲೇ ಸುಳಿವಿದೆ. ಬಿಳಿಯರಲ್ಲದ ಸಿಬ್ಬಂದಿ ಔಪಚಾರಿಕ ಶಿಸ್ತುಕ್ರಮಕ್ಕೆ ಒಳಗಾಗುವ ಸಾಧ್ಯತೆ 2016ರಲ್ಲಿ ಬಿಳಿಯರಿಗಿಂತ 1.56 ಪಟ್ಟು ಇತ್ತು. 2023ರಲ್ಲಿ ಅದು 1.03ಕ್ಕೆ ಇಳಿಯಿತು. ರಾಷ್ಟ್ರೀಯ ಸರಾಸರಿ ಟ್ರಸ್ಟ್‌ಗಳ ನಡುವಿನ ಏರುಪೇರನ್ನು ಮುಚ್ಚುತ್ತದೆಂಬುದು ನಿಜವೇ ಆದರೂ, ಇಳಿಕೆ ದೊಡ್ಡದು. ಇನ್ನೊಂದೆಡೆ, ಅಂತಿಮ ಪಟ್ಟಿಯಿಂದ ಬಿಳಿಯ ಅಭ್ಯರ್ಥಿ ನೇಮಕವಾಗುವ ಸಾಧ್ಯತೆ 2016ರಲ್ಲಿ ಇತರರಿಗಿಂತ 1.57 ಪಟ್ಟು ಇದ್ದದ್ದು 2023ರಲ್ಲೂ 1.59 ಪಟ್ಟು ಇತ್ತು. ಏಳು ವರ್ಷ, ಅಷ್ಟೊಂದು ತರಬೇತಿ, ಅಷ್ಟೊಂದು ಪ್ರತಿನಿಧಿಗಳು. ಅಂಕಿ ಇದ್ದಲ್ಲೇ ಇದೆ.

ಒಂದೇ ಸಂಸ್ಥೆಯಲ್ಲಿ ಒಂದು ಅನ್ಯಾಯ ಕರಗಿ ಇನ್ನೊಂದು ಯಾಕೆ ಉಳಿಯಿತು? ಶಿಸ್ತುಕ್ರಮದ ವಿಷಯದಲ್ಲಿ ಬದಲಾದದ್ದು ಪ್ರಕ್ರಿಯೆಯೇ. ಔಪಚಾರಿಕ ವಿಚಾರಣೆಗೆ ಮುಂಚೆ, ಇದು ವಿಚಾರಣೆಯವರೆಗೆ ಹೋಗಲೇಬೇಕೆ, ಮಾತುಕತೆಯಲ್ಲಿ ಅಥವಾ ತರಬೇತಿಯಲ್ಲಿ ಮುಗಿಯುವುದಲ್ಲವೇ ಎಂದು ಪರಿಶೀಲಿಸುವ ಹಂತವನ್ನು ಅನೇಕ ಟ್ರಸ್ಟ್‌ಗಳು ಕಡ್ಡಾಯ ಮಾಡಿದವು. ಲಿವರ್‌ಪೂಲ್ ಪ್ರದೇಶದ ಮರ್ಸಿ ಕೇರ್ ಟ್ರಸ್ಟ್ 2016ರಿಂದ, ಯಾರ ತಪ್ಪು ಎಂಬ ಪ್ರಶ್ನೆಗಿಂತ ಏನಾಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟು ಶಿಸ್ತು ಪ್ರಕರಣಗಳನ್ನು ಗಣನೀಯವಾಗಿ ತಗ್ಗಿಸಿತು. ಲಂಡನ್ನಿನಲ್ಲಿ ಕೆಲಸದಿಂದ ವಜಾಗೊಂಡ ವಿದೇಶಿ ಮೂಲದ ನರ್ಸ್ ಒಬ್ಬರು 2016ರಲ್ಲಿ ಪ್ರಾಣ ಕಳೆದುಕೊಂಡ ಪ್ರಕರಣದ ಸ್ವತಂತ್ರ ತನಿಖೆ, ಅವರ ಮೇಲಿನ ವಿಚಾರಣೆ ನಡೆದ ರೀತಿಯಲ್ಲಿ ಗಂಭೀರ ದೋಷಗಳನ್ನು ಕಂಡಿತು. ಅದರ ಬೆನ್ನಿಗೆ 2019ರ ಮೇ ತಿಂಗಳಲ್ಲಿ ಎಲ್ಲ ಟ್ರಸ್ಟ್‌ಗಳಿಗೂ ಹೊಸ ಮಾರ್ಗಸೂಚಿ ಹೋಯಿತು. ಕಲ್ಚರಲ್ ಅಂಬಾಸಡರ್ ಕೂರುವುದು ಇಂಥ ಬದಲಾದ ಪ್ರಕ್ರಿಯೆಯ ಒಳಗೆ. ಅವರ ಮಾತಿಗೆ ಅಲ್ಲಿ ಹಿಡಿಕೆ ಇದೆ. ನೇಮಕಾತಿಯಲ್ಲಿ ಮಾತ್ರ ಹೆಚ್ಚಿನ ಕಡೆ ಹಳೆಯ ಪ್ರಕ್ರಿಯೆಯನ್ನೇ ಉಳಿಸಿಕೊಂಡು ಪಕ್ಕಕ್ಕೆ ಒಬ್ಬ ಸ್ವಯಂಸೇವಕರನ್ನು ಕೂರಿಸಲಾಯಿತು.

ಅಂಕಿಗಳ ಏರಿಳಿತಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೂ ಈ ಲೇಖನದ ಮುಖ್ಯ ವಾದ ಇಲ್ಲೇ ನಿಂತಿದೆ: ಉತ್ತರ ಕೊಡಲೇಬೇಕಾದವರು ಯಾರೆಂದು ನಿಯಮ ಹೇಳಿದಾಗ ಸ್ವಯಂಸೇವಕರ ಮಾತು ನಡೆಯುತ್ತದೆ. ಹೇಳದಿದ್ದರೆ ಅವರ ಒಳ್ಳೆಯತನ ಅಲ್ಲೇ ಆವಿಯಾಗುತ್ತದೆ.

ಹನ್ನೆರಡೂವರೆ ಗಂಟೆಯ ಪಾಳಿ

ಇನ್ನೊಂದು ಅಂಶ ಸಮಯದ್ದು. ಎನ್‌ಎಚ್‌ಎಸ್ ವಾರ್ಡುಗಳಲ್ಲಿ ದೀರ್ಘ ಪಾಳಿಯೆಂದರೆ ಸಾಮಾನ್ಯವಾಗಿ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ. ಆ ನಡುವೆ ಔಷಧಿ ಸುತ್ತು, ವೈದ್ಯರ ಸುತ್ತು, ಬಿಡುಗಡೆಯ ಕಾಗದಪತ್ರ, ರೋಗಿಗಳ ಮನೆಯವರ ಫೋನು, ಕೊನೆಗೆ ಮುಂದಿನ ಪಾಳಿಗೆ ಹಸ್ತಾಂತರ. ಇಂಥ ದಿನದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಚಾಂಪಿಯನ್‌ಗಳ ಸಭೆಯಿದ್ದರೆ ಅವರನ್ನು ಬಿಟ್ಟುಕೊಡುವವರು ಯಾರು? ಬಿಟ್ಟುಕೊಟ್ಟರೆ ಅವರ ಆರೇಳು ರೋಗಿಗಳನ್ನು ಸಹೋದ್ಯೋಗಿಗಳೇ ನೋಡಿಕೊಳ್ಳಬೇಕು. ಹೀಗಾಗಿ ಸಭೆ ತಪ್ಪುತ್ತದೆ, ಇಲ್ಲವೇ ರಜೆಯ ದಿನಕ್ಕೆ ಬೀಳುತ್ತದೆ.

ಕಾರ್ಮಿಕ ಸಂಘದ ಪ್ರತಿನಿಧಿಯ ಸ್ಥಿತಿ ಇದಕ್ಕಿಂತ ಬೇರೆ. ಮಾನ್ಯತೆ ಪಡೆದ ಸಂಘದ ಪ್ರತಿನಿಧಿಗೆ ಸಂಘದ ಕರ್ತವ್ಯಕ್ಕಾಗಿ ಸಂಬಳಸಹಿತ ಬಿಡುವು ಕೊಡಬೇಕೆಂದು ಬ್ರಿಟನ್ನಿನ 1992ರ ಕಾನೂನು ಹೇಳುತ್ತದೆ. ಸುರಕ್ಷತಾ ಪ್ರತಿನಿಧಿಗಳಿಗೆ 1977ರ ನಿಯಮಗಳಲ್ಲೇ ಈ ಹಕ್ಕಿದೆ. 2024ರ ಅಕ್ಟೋಬರ್‌ನಲ್ಲಿ ಸಂಸತ್ತಿಗೆ ಬಂದ ಉದ್ಯೋಗ ಹಕ್ಕುಗಳ ಮಸೂದೆಯು ಸಂಘಗಳ 'ಸಮಾನತೆ ಪ್ರತಿನಿಧಿ'ಗಳಿಗೂ ಬಿಡುವಿನ ಹಕ್ಕನ್ನು ಒಳಗೊಂಡಿತ್ತು. ಆದರೆ ಇದು ಸಂಘ ನೇಮಿಸಿದವರಿಗೆ. ಆಸ್ಪತ್ರೆಯೇ ನೇಮಿಸಿಕೊಂಡ ಚಾಂಪಿಯನ್, ಸ್ಟಾಫ್ ನೆಟ್‌ವರ್ಕ್‌ನ ಅಧ್ಯಕ್ಷೆ, ಸಂದರ್ಶನದ ಪ್ರತಿನಿಧಿ ಇವರಾರಿಗೂ ಇಂಥ ಕಾನೂನಿನ ಬಲವಿಲ್ಲ. ತಿಂಗಳಿಗೆ ಇಂತಿಷ್ಟು ಗಂಟೆಯೆಂದು ಕೆಲವು ಟ್ರಸ್ಟ್‌ಗಳು ತಾವಾಗಿಯೇ ಕೊಡುತ್ತವೆ, ಉಳಿದ ಕಡೆ ಮ್ಯಾನೇಜರ್ ಮನಸ್ಸು.

ಈ ಕೆಲಸಕ್ಕೆ ಮುಂದೆ ಬರುವವರಲ್ಲಿ ಭೇದಭಾವವನ್ನು ಸ್ವತಃ ಅನುಭವಿಸಿದವರೇ ಹೆಚ್ಚು. 2022ರ ಸಿಬ್ಬಂದಿ ಸಮೀಕ್ಷೆಯಲ್ಲಿ, ಮೇಲಧಿಕಾರಿ ಅಥವಾ ಸಹೋದ್ಯೋಗಿಗಳಿಂದ ತಾರತಮ್ಯ ಎದುರಿಸಿದ್ದೇವೆಂದು ಹೇಳಿದವರು ಬಿಳಿಯೇತರ ಸಿಬ್ಬಂದಿಯಲ್ಲಿ ಶೇ. 16.6, ಬಿಳಿಯರಲ್ಲಿ ಶೇ. 6.7. ಅನ್ಯಾಯ ಉಂಡವರೇ ಅದನ್ನು ಸರಿಪಡಿಸುವ ಕೂಲಿಯಿಲ್ಲದ ಕೆಲಸವನ್ನೂ ಮಾಡಬೇಕು, ಆ ಗಂಟೆಗಳು ತಮ್ಮ ಓದಿನಿಂದ, ಬಡ್ತಿಯ ತಯಾರಿಯಿಂದ, ಮನೆಯಿಂದ ಕಡಿತವಾಗಬೇಕು ಎಂಬುದು ಹೊಸ ಅಸಮಾನತೆಯೇ ಸರಿ. ಸಂಬಳದ ಹುದ್ದೆಗಳು ಕಡಿಮೆಯಾದಷ್ಟೂ ಇದು ಬೆಳೆಯುತ್ತದೆ.

ವಿರೋಧದ ದನಿಗಳು

ಈ ಹುದ್ದೆಗಳ ಬಗ್ಗೆ ತಕರಾರು ಒಂದೇ ದಿಕ್ಕಿನಿಂದ ಬರುತ್ತಿಲ್ಲ. ಚಿಕಿತ್ಸೆಗಾಗಿ ಲಕ್ಷಾಂತರ ಜನ ಸರದಿಯಲ್ಲಿರುವಾಗ ಹಣ ರೋಗಿಗಳ ಬಳಿಗೆ ಹೋಗಬೇಕು, ಸಮಾನತೆ ಪ್ರತಿ ಮ್ಯಾನೇಜರನ ದಿನನಿತ್ಯದ ಕರ್ತವ್ಯವಾಗಬೇಕು ಎಂಬುದು ಬಾರ್ಕ್ಲೇ ಪತ್ರದ ಹಿಂದಿದ್ದ ವಾದ. 2022ರಲ್ಲಿ ಜನರಲ್ ಗಾರ್ಡನ್ ಮೆಸೆಂಜರ್ ಅವರ ನಾಯಕತ್ವ ಪರಾಮರ್ಶೆಯೂ, ಒಳಗೊಳ್ಳುವಿಕೆ ಎಲ್ಲರ ಹೊಣೆಯಾದರೆ ಪ್ರತ್ಯೇಕ ಹುದ್ದೆಗಳ ಅಗತ್ಯ ಕಾಲಕ್ರಮೇಣ ತಗ್ಗಬೇಕೆಂದಿತ್ತು. ಈ ವಾದದಲ್ಲಿ ಹುರುಳಿದೆ. ಆದರೆ ಎಲ್ಲರ ಹೊಣೆಯಾಗುವ ಮೊದಲೇ ಹುದ್ದೆ ತೆಗೆದರೆ ಅದು ಯಾರ ಹೊಣೆಯೂ ಆಗದೆ ಉಳಿಯುತ್ತದೆ. ಕ್ರಮ ಹಿಂದುಮುಂದಾಗಬಾರದು.

ಬ್ಯಾಡ್ಜು, ಪ್ರತಿಜ್ಞೆಗಳಂಥ ಸಂಕೇತಗಳ ಬಗೆಗಿನ ಆಕ್ಷೇಪ ಇನ್ನೊಂದು ಬಗೆಯದು. ಲಂಡನ್ನಿನ ಎವೆಲಿನಾ ಮಕ್ಕಳ ಆಸ್ಪತ್ರೆಯಲ್ಲಿ 2018ರಲ್ಲಿ ಶುರುವಾದ, ಲೈಂಗಿಕ ಅಲ್ಪಸಂಖ್ಯಾತರಿಗೆ ಬೆಂಬಲ ಸೂಚಿಸುವ ಕಾಮನಬಿಲ್ಲಿನ ಬ್ಯಾಡ್ಜ್ ಯೋಜನೆ ಅನೇಕ ಯುವ ರೋಗಿಗಳಿಗೆ ಧೈರ್ಯ ಕೊಟ್ಟಿತೆಂದು ಬೆಂಬಲಿಗರು ಹೇಳಿದರೆ, ಸಿಬ್ಬಂದಿ ಒಂದು ನಿಲುವಿಗೆ ಸಹಿ ಹಾಕಬೇಕೆಂಬ ಒತ್ತಡ ಅದರಲ್ಲಿದೆಯೆಂದು ಟೀಕಾಕಾರರು ಹೇಳಿದರು. ಕಾರ್ಮಿಕ ಸಂಘಗಳಿಗೋ, ಆಡಳಿತವೇ ಆರಿಸಿಕೊಂಡ ಸ್ವಯಂಸೇವಕರು ಸ್ವತಂತ್ರ ಪ್ರತಿನಿಧಿಗಳ ಜಾಗವನ್ನು ಮೆಲ್ಲಗೆ ಆಕ್ರಮಿಸಿಕೊಂಡಾರೆಂಬ ಆತಂಕ.

ವೀಸಾದ ನೆರಳು

ಮಾತಾಡುವ ಧೈರ್ಯ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಆರೋಗ್ಯ ಕಾರ್ಯಕರ್ತರ ವೀಸಾದಲ್ಲಿ ಹೋದವರ ವಾಸ್ತವ್ಯ ಪ್ರಾಯೋಜಕ ಉದ್ಯೋಗದಾತರಿಗೆ ಕಟ್ಟಿಹಾಕಿದಂತಿರುತ್ತದೆ. ಕೆಲಸ ಹೋದರೆ ಸಂಬಳದ ಜೊತೆಗೆ ದೇಶದಲ್ಲಿರುವ ಹಕ್ಕೂ, ಜೊತೆಗೆ ಬಂದ ಮಕ್ಕಳ ಶಾಲೆಯೂ ಅಲುಗಾಡುತ್ತವೆ. ಕಾಯಂ ವಾಸಕ್ಕೆ ಬೇಕಾದ ಅವಧಿಯನ್ನು ಸಾಮಾನ್ಯವಾಗಿ 5 ವರ್ಷದಿಂದ 10 ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು 2025ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಮುಂದಿಟ್ಟಿತು. ಇಂಥ ಅವಲಂಬನೆ ಎಷ್ಟು ದೀರ್ಘವೋ, ದೂರು ಕೊಡುವ ಮುನ್ನ ಯೋಚಿಸುವ ಕಾಲವೂ ಅಷ್ಟೇ ದೀರ್ಘ.

ವೈದ್ಯರ ಮಟ್ಟದಲ್ಲೂ ಪರಿಸ್ಥಿತಿ ಸಮವಿಲ್ಲ. ಅಲ್ಪಸಂಖ್ಯಾತ ಜನಾಂಗಗಳ ವೈದ್ಯರ ವಿರುದ್ಧ ಆಸ್ಪತ್ರೆಗಳೇ, ವೈದ್ಯರ ನೋಂದಣಿ ನೋಡಿಕೊಳ್ಳುವ ವೈದ್ಯಕೀಯ ಮಂಡಳಿಗೆ ದೂರು ಒಯ್ಯುವ ಪ್ರಮಾಣ ಬಿಳಿಯ ವೈದ್ಯರಿಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚೆಂದು 2019ರ ಅಧ್ಯಯನ ಹೇಳಿತ್ತು. ಈ ಅಂತರವನ್ನು 2026ರೊಳಗೆ ಇಲ್ಲವಾಗಿಸುವ ಗುರಿಯನ್ನು ಮಂಡಳಿ 2021ರಲ್ಲಿ ಹಾಕಿಕೊಂಡಿತು. ಭಾರತೀಯ ಮೂಲದ ವೈದ್ಯರ ಸಂಘವಾದ ಬಾಪಿಯೋ 1996ರಿಂದ ಇಂಥ ಪ್ರಶ್ನೆಗಳನ್ನು ಎತ್ತುತ್ತ ಬಂದಿದೆ. ಹೊಸದಾಗಿ ಹೋದ ನರ್ಸ್‌ಗೆ ಅಂಥ ಸಂಘದ ಬಲ ಮೊದಲ ದಿನವೇ ಸಿಗುವುದಿಲ್ಲ. ಅವರಿಗೆ ಮೊದಲು ಸಿಗುವುದು ವಿರಾಮದ ಕೋಣೆಯಲ್ಲಿ, ತಮ್ಮಂತೆಯೇ ಬಂದು ನಾಲ್ಕು ವರ್ಷ ಕಳೆದ, ಸಮವಸ್ತ್ರದ ಮೇಲೆ ಚಾಂಪಿಯನ್ ಬ್ಯಾಡ್ಜ್ ತೊಟ್ಟ ಸಹೋದ್ಯೋಗಿ. ಯಾವ ಪೋರ್ಟಲ್ಲೂ, ಯಾವ ಸಹಾಯವಾಣಿಯೂ ಆ ಜಾಗ ತುಂಬಲಾರದು. ಸ್ವಯಂಸೇವಕ ಹುದ್ದೆಗಳು ಉಳಿಯಬೇಕೆನ್ನಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಮುಂದೆ ಏನಾಗಬಹುದು

2025ರ ಮಾರ್ಚ್‌ನಲ್ಲೇ ಪ್ರಾದೇಶಿಕ ಮಂಡಳಿಗಳಿಗೆ ಆಡಳಿತ ವೆಚ್ಚವನ್ನು ಅರ್ಧಕ್ಕೆ ಇಳಿಸಲು ಸೂಚನೆ ಹೋಗಿದೆ. ಟ್ರಸ್ಟ್‌ಗಳಿಗೂ ಆಡಳಿತ ವಿಭಾಗಗಳ ಏರಿದ ವೆಚ್ಚ ತಗ್ಗಿಸಲು ಹೇಳಲಾಗಿದೆ. ಇಂಥ ಕಡಿತದಲ್ಲಿ ಸಮಾನತೆಯ ತಂಡಗಳು ಚಿಕ್ಕದಾಗುವ ಸಂಭವ ಹೆಚ್ಚು. ಆ ತಂಡಗಳೇ ಸ್ವಯಂಸೇವಕರನ್ನು ಆರಿಸಿ, ತರಬೇತಿ ಕೊಟ್ಟು, ಅವರ ಬಿಡುವಿಗಾಗಿ ಮ್ಯಾನೇಜರ್‌ಗಳ ಜೊತೆ ಗುದ್ದಾಡುತ್ತಿದ್ದವು. ಆ ತಂಡಗಳಿಲ್ಲದೆ ಸ್ವಯಂಸೇವಕರ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಉಳಿದೀತು, ಪಟ್ಟಿಯಲ್ಲಿದ್ದವರು ವರ್ಗವಾಗಿಯೋ ದಣಿದೋ ಒಬ್ಬೊಬ್ಬರಾಗಿ ಹಿಂದೆ ಸರಿದಾರು.

ಕಾನೂನಿನ ಹೊಣೆ ಮಾತ್ರ ಕಡಿಮೆಯಾಗುವುದಿಲ್ಲ. 2010ರ ಸಮಾನತಾ ಕಾಯ್ದೆಯು ಸಾರ್ವಜನಿಕ ಸಂಸ್ಥೆಗಳ ಮೇಲೆ ಹೊರಿಸಿದ ಕರ್ತವ್ಯ ಹಾಗೆಯೇ ಇದೆ. 2024ರ ಅಕ್ಟೋಬರ್ 26ರಿಂದ, ಲೈಂಗಿಕ ಕಿರುಕುಳ ನಡೆಯದಂತೆ ಮುಂಚಿತವಾಗಿಯೇ ಸೂಕ್ತ ಕ್ರಮ ಕೈಗೊಳ್ಳಬೇಕಾದ ಹೊಣೆಯೂ ಉದ್ಯೋಗದಾತರ ಮೇಲೆ ಬಿದ್ದಿದೆ. ಹೊಣೆ ಏರುತ್ತ, ಅದನ್ನು ನಿಭಾಯಿಸುವ ಕೈಗಳು ಇಳಿಯುತ್ತ ಹೋದರೆ, ಒಳಗೇ ಬಗೆಹರಿಯಬಹುದಾದ ವಿಷಯಗಳು ಉದ್ಯೋಗ ನ್ಯಾಯಮಂಡಳಿಯ ಮೆಟ್ಟಿಲೇರುತ್ತವೆ. ಅದರ ಖರ್ಚು ಉಳಿಸಿದ ಸಂಬಳಕ್ಕಿಂತ ಕಡಿಮೆಯಿರುತ್ತದೆಂಬ ಖಾತರಿಯಿಲ್ಲ.

ನ್ಯಾಷನಲ್ ಗಾರ್ಡಿಯನ್ ಕಚೇರಿಯ ಮುಚ್ಚುಗಡೆಯಿಂದ ಆಗುವ ನಷ್ಟವನ್ನು ಅಳೆಯಬೇಕಾದದ್ದು ಲೆಕ್ಕದಲ್ಲಿ. 2023–24ರಲ್ಲಿ ಗಾರ್ಡಿಯನ್‌ಗಳ ಬಳಿಗೆ 32,167 ಪ್ರಕರಣಗಳು ಬಂದವು, ಹಿಂದಿನ ವರ್ಷಕ್ಕಿಂತ ಕಾಲುಭಾಗಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು ಶೇ. 38.5 ಅನುಚಿತ ನಡವಳಿಕೆಗೆ ಸಂಬಂಧಿಸಿದ್ದವು. ದನಿ ಎತ್ತಿದ್ದಕ್ಕೆ ತಮಗೆ ತೊಂದರೆಯಾಯಿತೆಂಬ ಅಂಶ ಶೇ. 4ರಷ್ಟು ಪ್ರಕರಣಗಳಲ್ಲಿತ್ತು. ಎಲ್ಲ ಟ್ರಸ್ಟ್‌ಗಳಿಂದಲೂ ಒಂದೇ ಮಾದರಿಯಲ್ಲಿ ಈ ಮಾಹಿತಿ ತರಿಸಿ, ಕೂಡಿಸಿ, ವರ್ಷವರ್ಷ ಸಾರ್ವಜನಿಕರ ಮುಂದಿಟ್ಟದ್ದು ಈ ಚಿಕ್ಕ ಕಚೇರಿ. ಅದರ ಕೆಲಸ ಇಲಾಖೆಯೊಳಗೆ ಸೇರಿದ ಮೇಲೆ ಇದೇ ಲೆಕ್ಕ, ಇದೇ ವಿವರಗಳೊಂದಿಗೆ, ಇದೇ ಸ್ವಾತಂತ್ರ್ಯದಿಂದ ಪ್ರಕಟವಾಗುವುದೇ, ದನಿ ಎತ್ತಿ ತೊಂದರೆಗೊಳಗಾದವರ ಆ ಶೇ. 4 ಎಂಬ ಅಂಕಿ ವರದಿಯಲ್ಲಿ ಉಳಿಯುವುದೇ ಎಂಬುದನ್ನು ಅಲ್ಲಿನ ಕನ್ನಡಿಗ ವೈದ್ಯರೂ ನರ್ಸ್‌ಗಳೂ ಗಮನವಿಟ್ಟು ನೋಡಬೇಕು.